ಲೆಂಪಿ ಆರಿಸಿದ ದಡ

ಲೆಂಪಿ ಕಾಂಗಸ್ ಮೊದಲ ಸಲ ವಿಮಾನ ಹತ್ತಿದ್ದು ತಾನು ಹಿಮ ತೆಗೆದ ರಸ್ತೆ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡುವುದಕ್ಕೆ. ಆಗ ಅವಳು ನಮ್ಮ ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಳು. ಸುಪೀರಿಯರ್ ಸರೋವರದ ದಂಡೆಯ ನಮ್ಮ ಕಡೆ ನವೆಂಬರಿನಲ್ಲಿ ಬಿದ್ದ ಹಿಮ ಬೇಡದ ನೆಂಟನ ಹಾಗೆ ಏಪ್ರಿಲಿನವರೆಗೂ ಜಾಗ ಬಿಡುವುದಿಲ್ಲ. ರಸ್ತೆಯ ಜೊತೆಗೆ ನಮ್ಮ ಪುಟ್ಟ ವಿಮಾನ ನಿಲ್ದಾಣದ ಓಡುದಾರಿಯನ್ನೂ ಅವಳೇ ಗುಡಿಸಿ ಕೊಡಬೇಕಿತ್ತು. ನಾನು ಅಲ್ಲಿ ನಲವತ್ತು ವರ್ಷದಿಂದ ಎಂಜಿನ್ ರಿಪೇರಿ ಮಾಡುತ್ತಿರುವವನು. ಹೆಸರು ಉರ್ಹೊ. ಸಣ್ಣ ವಿಮಾನ ಹಾರಿಸುವುದೂ ಗೊತ್ತು. ಅವಳು ಕೆಲಸ ಮುಗಿಸಿ ನನ್ನ ಹ್ಯಾಂಗರಿಗೆ, ಅಂದರೆ ವಿಮಾನದ ಕೊಟ್ಟಿಗೆಗೆ, ಕಾಫಿಗೆ ಬರುತ್ತಿದ್ದಳು.

"ಉರ್ಹೊ, ಮೇಲಿಂದ ನೋಡಿದ್ರೆ ನನ್ನ ಗೆರೆ ಹೇಗ್ ಕಾಣತ್ತೋ?" ಎಂದು ಒಂದು ದಿನ ಕೇಳಿದಳು.

"ಎತ್ತು ನಡೀತಾ ಉಚ್ಚೆ ಹೊಯ್ದಂಗೆ ಕಾಣತ್ತೆ."

"ಸುಳ್ಳು ಹೇಳ್ಬೇಡ. ಹತ್ತಿಸ್ಕೊಂಡು ಹೋಗಿ ತೋರ್ಸು."

ತೋರಿಸಿದೆ. ಇಪ್ಪತ್ತು ನಿಮಿಷ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ರಸ್ತೆ ನೂಲು ಹಿಡಿದ ಹಾಗೆ ನೆಟ್ಟಗೇ ಇತ್ತು, ಪಾದ್ರಿಯ ಮನೆಯ ಅಂಚೆ ಡಬ್ಬಿಯ ಹತ್ತಿರ ಮಾತ್ರ ಒಂದು ಡೊಂಕು. "ಅದು ನನ್ನ ತಪ್ಪಲ್ಲ, ಡಬ್ಬೀನೇ ರಸ್ತೇಲಿ ನೆಟ್ಟಿದಾನೆ ಪುಣ್ಯಾತ್ಮ" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ವಿಮಾನದ ಕೋಲು ತೋರಿಸಿ, "ಈ ಕೋಲು ಎಳೆದ್ರೆ ಏನಾಗತ್ತೆ?" ಎಂದು ಕೇಳಿದಳು. ಅವಳ ಆಗಿನ ವಯಸ್ಸು ಮೂವತ್ತೊಂದು. ಆ ಪ್ರಶ್ನೆಗೆ ಉತ್ತರ ಪೂರ್ತಿ ತಿಳಿಯುವ ಹೊತ್ತಿಗೆ ನಲವತ್ತಾರು ಆಗಿತ್ತು. ಅಷ್ಟು ವರ್ಷ ಚಳಿಗಾಲದಲ್ಲಿ ಲಾರಿ, ಬೇಸಿಗೆಯಲ್ಲಿ ಹಾರಾಟ. ಕಲಿತಳು, ಕಲಿಸುವ ಪರವಾನಗಿ ಪಡೆದಳು, ಊರಿನ ಅರ್ಧ ಹುಡುಗರಿಗೆ ಹಾರಲು ಕಲಿಸಿದಳು. ಜನ ಸಾಗಿಸುವ ಕಂಪನಿಯ ವಿಮಾನ ನಡೆಸಬೇಕಾದರೆ ಒಂದೂವರೆ ಸಾವಿರ ಗಂಟೆ ಹಾರಿರಬೇಕೆಂಬುದು ಕಾನೂನು. ಹನಿ ಹನಿ ಕೂಡಿ ಹಳ್ಳ ಎಂದು ಗಾದೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಹಾಗೆ ನಿಜಕ್ಕೂ ಹಳ್ಳ ತುಂಬಿಸಿದವಳನ್ನು ನಾನು ನೋಡಿದ್ದು ಇವಳೊಬ್ಬಳನ್ನೇ.

ಇನ್ನು ಅವಳ ಗಂಡ. ವೈನೊ ಕಾಂಗಸ್ ಅದಿರು ಹಡಗಿನಲ್ಲಿ ಚುಕ್ಕಾಣಿ ಹಿಡಿಯುವವನು. ಮಾತು ಕಡಿಮೆ, ಕೈ ದೊಡ್ಡದು. ಮಾರ್ಚ್ ಕೊನೆಯಲ್ಲಿ ಸರೋವರದ ಮಂಜುಗಡ್ಡೆ ಒಡೆದಾಗ ಹೊರಟರೆ ಜನವರಿ ಮಧ್ಯದವರೆಗೂ ಅರವತ್ತು ದಿನ ಹಡಗು, ಮೂವತ್ತು ದಿನ ಮನೆ, ಮತ್ತೆ ಅರವತ್ತು ದಿನ ಹಡಗು. ಚಳಿಗಾಲದಲ್ಲೂ ಹೆಚ್ಚು ದಿನ ಕಟ್ಟೆ ಸೇರಿದ ಹಡಗಿನ ರಿಪೇರಿಗೆ ಕರೆ ಬರುತ್ತಿತ್ತು. ನಮ್ಮ ಕಡೆ ಇಂಥವರನ್ನು ಕಟ್ಟಿಕೊಂಡ ಹೆಂಗಸರದ್ದೇ ಒಂದು ಪಂಗಡ. ಹಡಗು ಯಾವ ಕಟ್ಟೆಗೆ ಎಷ್ಟು ಗಂಟೆಗೆ ಬರುತ್ತದೆಂದು ತಿಳಿದುಕೊಂಡು, ಕಾರಿನ ಹಿಂದೆ ಎರಡು ಮಡಚುವ ಕುರ್ಚಿ ಹಾಕಿಕೊಂಡು, ಬಿಸಿ ಅಡುಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಇನ್ನೂರು ಮೈಲಿ ಆದರೂ ಓಡಿಸಿಕೊಂಡು ಹೋಗುತ್ತಾರೆ. ಹಡಗಿನಿಂದ ಅದಿರು ಇಳಿಸುವಷ್ಟು ಹೊತ್ತು ಗಂಡನ ಜೊತೆ ಕೂರುತ್ತಾರೆ. ಅದಿರು ಮುಗಿದರೆ ಸಂಸಾರವೂ ಮುಗಿಯಿತು, ಮನೆಗೆ ವಾಪಸ್ಸು.

ಲೆಂಪಿ ಹೀಗೆ ಹತ್ತೊಂಬತ್ತು ವರ್ಷ ಓಡಾಡಿದಳು. ಮೂರು ವರ್ಷದ ಹಿಂದೆ ಹಡಗಿನ ಕಂಪನಿಯವರು ವೈನೊನ ಹಡಗನ್ನು ಬೇರೆ ದಾರಿಗೆ ಹಾಕಿದರು. ಮಿನಿಸೋಟದಲ್ಲಿ ತುಂಬಿ, ಎರೀ ಸರೋವರದ ದಂಡೆಯ ಕ್ಲೀವ್‌ಲ್ಯಾಂಡಿನಲ್ಲಿ ಇಳಿಸುವುದು. ಎರಡೂ ನಮಗೆ ದೂರ. ಕಟ್ಟೆಯ ಭೇಟಿ ನಿಂತುಹೋಯಿತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇಬ್ಬರೂ ಒಟ್ಟಿಗಿದ್ದ ದಿನಕ್ಕೆ ಅವಳು ಕೆಂಪು ಸೀಸದ ಕಡ್ಡಿಯಲ್ಲಿ ಸುತ್ತು ಹಾಕುವ ಪದ್ಧತಿ ಮೊದಲಿಂದ ಇತ್ತು. ಹಳೆಯ ಕ್ಯಾಲೆಂಡರುಗಳನ್ನೂ ಎಸೆದಿರಲಿಲ್ಲ.

"ಮದುವೆಯಾಗಿ ಇಪ್ಪತ್ತೆರಡು ವರ್ಷ. ಒಟ್ಟಿಗಿದ್ದಿದ್ದು ಏಳು ವರ್ಷ ಕಣೋ" ಎಂದಳು ಒಮ್ಮೆ, ಕಾಫಿ ಲೋಟದ ಮೇಲಿಂದ. "ಈಗ ನಾನೂ ಕಂಪನಿ ವಿಮಾನಕ್ಕೆ ಹೊರಟೆ ಅಂದ್ರೆ, ಅವ್ನು ಮನೇಲಿರೋ ಮೂವತ್ತು ದಿನಾನೂ ನಾನಿರಲ್ಲ. ಆಮೇಲೆ ನಮಗೆ ಸಂಸಾರ ಅನ್ನೋದು ಇರತ್ತಾ, ಇಲ್ಲ ಫ್ರಿಜ್ ಮೇಲೆ ಚೀಟಿ ಅಂಟಿಸ್ಕೊಂಡು ಬದುಕ್ತೀವಾ?"

"ಎತ್ತು ಏರಿಗೆ, ಕೋಣ ನೀರಿಗೆ" ಎಂದೆ. ಆಡುವ ಮಾತು ಇಷ್ಟು ಅಕ್ಷರಶಃ ಹೊಂದಿದ್ದನ್ನು ನಾನು ಕಂಡಿರಲಿಲ್ಲ. ಅವಳು ನಗಲಿಲ್ಲ. ಆಗ ಹ್ಯಾಂಗರಿನ ಫೋನ್ ಬಡಿದುಕೊಂಡಿತು. ನನ್ನ ಹೆಂಡತಿ ಎಲ್ಮಾ ದಿನಾ ಸಂಜೆ ಐದೂವರೆಗೆ ಮಾಡುವ ಫೋನ್, ಊಟ ಆರುತ್ತಿದೆ ಎಂದು ಹೇಳುವುದಕ್ಕೆ. ಬಂದೆ, ಬಂದೆ ಎಂದು ಹೇಳಿ ಇಟ್ಟು, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡೆ.

ಆ ಚಳಿಗಾಲ ಅವಳಿಗೆ ಎರಡು ಸಣ್ಣ ವಿಮಾನ ಕಂಪನಿಗಳಿಂದ ಕೆಲಸದ ಪತ್ರ ಬಂತು. ಒಂದು ಬೋರಿಯಲ್, ಹೊಸ ವಿಮಾನ, ಕೆಲಸಕ್ಕೆ ಸೇರಿದರೆ ಇನಾಮು, ಪಾಳಿ ಶುರುವಾಗುವ ನೆಲೆ ಊರು ಮಿನಿಯಾಪೊಲಿಸ್. ಇನ್ನೊಂದು ಲೇಕ್‌ವೇ, ಐವತ್ತು ಸೀಟಿನ ಹಳೆಯ ವಿಮಾನ, ನೆಲೆ ಡೆಟ್ರಾಯಿಟ್ ಅಥವಾ ಕ್ಲೀವ್‌ಲ್ಯಾಂಡ್. ನಮ್ಮ ನಿಲ್ದಾಣದಿಂದ ದೊಡ್ಡ ಊರಿಗೆ ದಿನಕ್ಕೆ ಎರಡೇ ವಿಮಾನ, ಒಂದು ಮಿನಿಯಾಪೊಲಿಸ್‌ಗೆ, ಒಂದು ಡೆಟ್ರಾಯಿಟ್‌ಗೆ. ಕ್ಲೀವ್‌ಲ್ಯಾಂಡಿಗೆ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ ಅದು ಪಟ್ಟಿಯಲ್ಲೇ ಇರಲಿಲ್ಲ.

ಪತ್ರ ಎರಡನ್ನೂ ನನ್ನ ಕೆಲಸದ ಮೇಜಿನ ಮೇಲೆ ಹರಡಿ ಕೂತಳು. ಸಲಹೆ ಕೊಡಲು ರೂಡಿ ಬಂದ. ರೂಡಿ ಮೂವತ್ತು ವರ್ಷ ದೊಡ್ಡ ವಿಮಾನ ನಡೆಸಿ ನಿವೃತ್ತನಾಗಿ ನಮ್ಮೂರಿನಲ್ಲಿ ಮೀನು ಹಿಡಿಯುತ್ತಿರುವ ಮನುಷ್ಯ. ಮೀನು ಅವನಿಗೆ ಸಿಗುವುದಿಲ್ಲ, ಅದಕ್ಕೇ ಸಲಹೆ ಜಾಸ್ತಿ.

"ಬೋರಿಯಲ್‌ಗೆ ಹೋಗು ಕಣಮ್ಮ. ಯೋಚ್ನೆ ಮಾಡೋ ಅಂಥದ್ದೇನಿದೆ ಇದ್ರಲ್ಲಿ?"

"ಅಲ್ಲಿ ನಂಗೆ ಕೆಲಸದ ದಿನ ಆರಿಸ್ಕೊಳೋಕೆ ಯಾವಾಗ ಆಗತ್ತೆ?"

ರೂಡಿ ತಲೆ ಕೆರೆದುಕೊಂಡ. ವಿಮಾನದವರಲ್ಲಿ ಎಲ್ಲ ನಡೆಯುವುದು ಸಾಲಿನ ಪ್ರಕಾರ. ಸೇರಿದ ದಿನ ಸಾಲಿನಲ್ಲಿ ಸಿಕ್ಕ ನಂಬರೇ ಜಾತಕ. ಯಾವ ಪಾಳಿ, ಯಾವ ರಜೆ, ಯಾವ ಊರಿನಲ್ಲಿ ತಂಗುವುದು, ಎಲ್ಲವನ್ನೂ ಮುಂದಿನವರು ಆರಿಸಿಕೊಂಡು ಉಳಿದದ್ದು ಹಿಂದಿನವರಿಗೆ. ತೀರ ಹಿಂದಿರುವವರಿಗೆ ಪಾಳಿಯೂ ಇಲ್ಲ. ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯಬೇಕು, ಕರೆ ಬಂದರೆ ಎರಡು ಗಂಟೆಯೊಳಗೆ ನೆಲೆ ಊರಿನ ವಿಮಾನದ ಬಾಗಿಲಲ್ಲಿ ನಿಂತಿರಬೇಕು.

"ಮಿನಿಯಾಪೊಲಿಸ್ ಒಳ್ಳೇ ಊರು ನೋಡು, ಅಲ್ಲಿಗೆ ಬಂದೋರು ಹೆಣ ಬಿದ್ರೂ ಕದಲಲ್ಲ" ಎಂದ ರೂಡಿ. "ಕಾಯ್ಬೇಕು. ಹತ್ತು ವರ್ಷ ಅನ್ಕೋ."

"ಹತ್ತು ವರ್ಷ ಫೋನ್ ಕಾಯ್ಕೊಂಡು ಕೂತ್ರೆ ನಂಗೆ ಐವತ್ತೇಳಾಗತ್ತೆ."

"ನಲವತ್ತೇಳಾ ನಿಂಗೆ?" ನಾನು ಬಾಯಿ ಬಿಟ್ಟೆ. "ಚರ್ಚಲ್ಲಿ ಮೂರು ವರ್ಷದಿಂದ ನಲವತ್ನಾಲ್ಕು ಅಂತ ಹೇಳ್ತಿದೀಯಲ್ಲೇ!"

"ಚರ್ಚಲ್ಲಿ ನಿನ್ ತೂಕ ನೀನು ಎಷ್ಟು ಹೇಳಿದೀಯ?" ಎಂದಳು. ನಾನು ಆ ವಿಷಯ ಅಲ್ಲಿಗೇ ಬಿಟ್ಟೆ.

ವಾರದ ಕೊನೆಗೆ ಲೇಕ್‌ವೇ ಕಾಗದಕ್ಕೆ ಸಹಿ ಹಾಕಿದಳು. ರೂಡಿ ಬೇಜಾರು ಮಾಡಿಕೊಂಡು ಮೀನಿಗೆ ಹೋದ. ನಾನು ಮಾತ್ರ ಒಳಗೊಳಗೇ ಖುಷಿಪಟ್ಟೆ, ಡೆಟ್ರಾಯಿಟ್‌ಗೆ ನಮ್ಮಲ್ಲಿಂದ ನೇರ ವಿಮಾನ ಇದೆಯಲ್ಲ, ರಜೆ ಸಿಕ್ಕಾಗ ಮನೆಗೆ ಬಂದು ಬೀಳಬಹುದು ಎಂದು. ಅವಳು ಡೆಟ್ರಾಯಿಟನ್ನೇ ಆರಿಸುತ್ತಾಳೆ ಎಂದು ರೂಡಿಯ ಜೊತೆ ಒಂದು ವಾರದ ಕಾಫಿ ಪಂದ್ಯ ಕಟ್ಟಿದೆ.

ಹೊಸಬರ ತರಗತಿಯಲ್ಲಿ ಹನ್ನೊಂದು ಜನ. ಎಲ್ಲರೂ ಒಂದೇ ದಿನ ಸೇರಿದವರಾದ್ದರಿಂದ ಅವರೊಳಗೆ ಸಾಲು ಹೇಗೆ ಮಾಡುವುದು? ಇದಕ್ಕೆ ಆ ಕಂಪನಿಯಲ್ಲಿ ಒಂದು ಹಳೆಯ ಪದ್ಧತಿ. ಹುಟ್ಟಿದ ತಾರೀಕು ನೋಡುತ್ತಾರೆ. ಯಾರು ಎಲ್ಲರಿಗಿಂತ ಮುದುಕರೋ ಅವರು ಮೊದಲು. ಬೋರ್ಡಿನ ಮೇಲೆ ಬರೆದಿತ್ತಂತೆ, ಡೆಟ್ರಾಯಿಟ್ ಮೂರು, ಕ್ಲೀವ್‌ಲ್ಯಾಂಡ್ ಎಂಟು. ಉಳಿದವರೆಲ್ಲ ಇಪ್ಪತ್ಮೂರು, ಇಪ್ಪತ್ತಾರರ ಹಸುಳೆಗಳು, ಎಲ್ಲರ ಕಣ್ಣೂ ಆ ಮೂರರ ಮೇಲೆ. ಲೆಂಪಿ ಎದ್ದು ನಿಂತು ಹುಟ್ಟಿದ ವರ್ಷವನ್ನು ಗಟ್ಟಿಯಾಗಿ ಹೇಳಿದಳಂತೆ. ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಫೋನ್ ಮಾಡಿದಳು.

"ಏನಾಯ್ತೇ? ಸಾಲಲ್ಲಿ ಮೊದಲ ನಂಬರೇ ಸಿಕ್ತಾ?"

"ಸಿಕ್ತು. ನಾನೇ ಎಲ್ರಿಗಿಂತ ಮುದುಕಿ."

"ಭೇಷ್! ಡೆಟ್ರಾಯಿಟ್ ಅಲ್ವಾ?"

"ಅಲ್ಲ. ಕ್ಲೀವ್‌ಲ್ಯಾಂಡ್."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ತಲೆ ನೆಟ್ಟಗಿದೆಯೇನೇ ನಿಂಗೆ? ಕೇಳಿದ್ರೆ ಕೊಡೋ ಕಡೆ ನಿಂತ್ಕೊಂಡು, ಯಾರಿಗೂ ಬೇಡದ ಊರು ತಗೊಂಡ್ಯಾ? ಅಲ್ಲಿಂದ ಮನೆಗೆ ಹೇಗ್ ಬರ್ತೀಯ? ಗಾಳಿಪಟ ಕಟ್ಕೊಂಡಾ?"

"ಬರೋದು ಕಮ್ಮಿ ಆಗತ್ತೆ" ಎಂದಳು ತಣ್ಣಗೆ. "ಅಲ್ಲೇ ಒಂದು ಕೋಣೆ ಹಿಡೀತೀನಿ. ಉರ್ಹೊ, ಕೋಪ ಮಾಡ್ಕೋಬೇಡ. ಒಂದ್ಸಲ ಬಂದು ನೋಡು."

ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ. ಮೊದಲ ಸಲ ಕೋಲು ಹಿಡಿಸಿದವನು ನಾನು. ಊರು ಬಿಟ್ಟು ಹೋಗಲಿಕ್ಕೆ ಕಾರಣ ಸಿಕ್ಕಿತೆಂದು ಹೋದಳೋ, ಗಂಡನಿಗೂ ಮನೆಗೂ ಬೆನ್ನು ಹಾಕಿದಳೋ ಎಂದೆಲ್ಲ ಯೋಚಿಸಿದೆ. ರೂಡಿಗೆ ಕಾಫಿ ಕೊಡಿಸುವಾಗ ಒಂದೊಂದು ಲೋಟಕ್ಕೂ ಅವಳನ್ನು ಬೈದೆ. ಮೂರು ತಿಂಗಳು ನಾನಾಗಿ ಫೋನ್ ಮಾಡಲಿಲ್ಲ. ಆದರೆ ಹುಳ ಒಳಗೆ ಕೊರೆಯುತ್ತಲೇ ಇತ್ತು. ಒಬ್ಬಳು ಬುದ್ಧಿವಂತೆ, ಕೈಯಲ್ಲಿ ಮೊದಲ ಆಯ್ಕೆ, ಮನೆಯ ದಾರಿ ಎದುರಿಗೆ. ಆದರೂ ಯಾಕೆ ತಿರುಗಿ ಆ ಕಡೆ ನಡೆದಳು? ಎಂಜಿನ್ ಬಿಚ್ಚಿದರೆ ಕಾರಣ ಸಿಗುತ್ತದೆ, ಮನುಷ್ಯರನ್ನು ಬಿಚ್ಚಿ ನೋಡುವುದು ಹೇಗೆ?

ಜೂನ್‌ನಲ್ಲಿ ಓಹಾಯೋದಿಂದ ಒಂದು ಹಳೆಯ ಎಂಜಿನ್ ತರುವ ಕೆಲಸ ಬಂತು. ಕ್ಲೀವ್‌ಲ್ಯಾಂಡಿಗೇ ಹೋಗಿ ಕೇಳಿಬಿಡುವುದು ಎಂದುಕೊಂಡು ಲಾರಿ ತೆಗೆದೆ. ಲೆಂಪಿ ಸಮವಸ್ತ್ರದಲ್ಲೇ ಸಿಕ್ಕಳು, ಕಾರಿನ ಸ್ಟಿಯರಿಂಗ್ ಹಿಂದೆ. "ಮಾತಾಡೋಕೆ ಟೈಮಿಲ್ಲ, ಹತ್ತು" ಎಂದಳು. ಕಾರಿನೊಳಗೆ ಬಿಸಿ ಪ್ಯಾಸ್ಟಿಯ ವಾಸನೆ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ನಮ್ಮೂರಿನ ಕಡುಬು. ಹಿಂದಿನ ಸೀಟಿನಲ್ಲಿ ಕಂಬಳಿಯ ಗಂಟು. ಅದರ ಪಕ್ಕದಲ್ಲಿ ಎರಡು ಮಡಚುವ ಕುರ್ಚಿ. ವೈನೊನ ಹಡಗು ಅದಿರು ಇಳಿಸುವುದು ಈ ಊರಿನಲ್ಲೇ ಎಂಬುದು ನನಗೆ ಆಗ ಹೊಳೆಯಿತು.

ಹತ್ತು ಮೈಲಿ ಹೋದೆವು. ಕೆಂಪು ಧೂಳಿನ ಕಟ್ಟೆ, ಅದಕ್ಕೆ ಒರಗಿಕೊಂಡು ಸಾವಿರ ಅಡಿಯ ಹಡಗು, ಅದರ ಉದ್ದ ತೋಳಿನಿಂದ ಅದಿರು ಸುರಿಯುವ ಗದ್ದಲ. ಏಣಿಯಿಂದ ವೈನೊ ಇಳಿದು ಬಂದ. ಹೆಂಡತಿಯ ಟೋಪಿ ತೆಗೆದು ತಾನು ಹಾಕಿಕೊಂಡ. ನನ್ನ ಕಡೆ ನೋಡಿ, "ನೀನೇನೋ ಇಲ್ಲಿ, ಮುದುಕ?" ಎಂದ. ವೈನೊನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

"ಐದಾರು ದಿನಕ್ಕೊಂದ್ಸಲ ಬರ್ತಾನೆ" ಎಂದಳು ಲೆಂಪಿ, ಕುರ್ಚಿ ಬಿಡಿಸುತ್ತಾ. "ಎಂಟು ಗಂಟೆ, ಒಂದೊಂದ್ಸಲ ಹತ್ತು. ಕಾಯೋ ಪಾಳಿಯೋರು ಎಲ್ಲಾದ್ರೂ ಕಾಯ್ಬೋದು ಕಣೋ, ಎರಡು ಗಂಟೇಲಿ ವಿಮಾನದ ಹತ್ರ ಇದ್ರಾಯ್ತು. ನಾನು ಇಲ್ಲಿ ಕಾಯ್ತೀನಿ."

"ಇದನ್ನ ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಊರೆಲ್ಲ ಪಂದ್ಯ ಕಟ್ತಿದ್ರಿ. ಹಡಗು ನಂಬ್ಕೊಂಡು ಕೆಲಸ ಆರಿಸಿದ್ಳು ಹುಚ್ಚಿ ಅಂತಿದ್ರಿ."

ಅಂದೇ ಅಂದೆ. ನನ್ನ ನಾಲಗೆಗೆ ಮೂಳೆಯಿಲ್ಲ. "ಅಲ್ವೇ ಮತ್ತೆ? ನಾಳೆ ಹಡಗಿನ ದಾರಿ ಬದಲಾಯ್ಸಿದ್ರೆ ಏನ್ ಮಾಡ್ತೀಯ?"

ಇಬ್ಬರೂ ಪ್ಯಾಸ್ಟಿ ತಿನ್ನುವುದನ್ನು ನಿಲ್ಲಿಸಿದರು. ವೈನೊ ಟೋಪಿ ತೆಗೆದು ಅವಳ ತಲೆಗೆ ವಾಪಸ್ಸಿಟ್ಟ. ನಾನು ಎದ್ದು ಹಡಗು ನೋಡುವ ನೆಪದಲ್ಲಿ ದೂರ ಹೋದೆ. ದೂರದಿಂದ ನೋಡಿದರೆ ಧೂಳಿನ ನಡುವೆ ಎರಡು ಕುರ್ಚಿ, ಇಬ್ಬರು ಮಾತಿಲ್ಲದೆ ಕಾಲು ಚಾಚಿ ಕೂತಿದ್ದರು, ಭಾನುವಾರ ಅಂಗಳದಲ್ಲಿ ಕೂರುವವರ ಹಾಗೆ. ಮೂರು ತಿಂಗಳು ಬೈದದ್ದಕ್ಕೆ ನಾಚಿಕೆಯಾಯಿತು.

ನನ್ನ ಬಾಯಲ್ಲಿ ಬಂದ ಹಾಗೇ ಆಯಿತು. ಸೆಪ್ಟೆಂಬರಿನಲ್ಲಿ ಹಡಗನ್ನು ಮಿಷಿಗನ್ ಸರೋವರದ ಕಡೆಗೆ ತಿರುಗಿಸಿದರು. ಇನ್ನು ಮೇಲೆ ಅದಿರು ಇಳಿಸುವುದು ಇಂಡಿಯಾನಾದ ಕಟ್ಟೆಯಲ್ಲಿ, ಕ್ಲೀವ್‌ಲ್ಯಾಂಡಿನಿಂದ ಮುನ್ನೂರು ಮೈಲಿ. ವೈನೊ ಅವನ ಮೂವತ್ತು ದಿನದ ರಜೆಗೆ ಊರಿಗೆ ಬಂದವನು ಸೀದಾ ನನ್ನ ಹ್ಯಾಂಗರಿಗೆ ಬಂದು ಮರದ ಪೆಟ್ಟಿಗೆಯ ಮೇಲೆ ಕೂತ. ನನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿಟ್ಟ.

"ಬಿಟ್ಬಿಡ್ತೀನಿ" ಎಂದ ಕೊನೆಗೆ.

"ಏನನ್ನ?"

"ಹಡಗನ್ನ. ನಿನ್ನ ಹತ್ರ ಏನಾದ್ರೂ ಕೆಲ್ಸ ಇದ್ರೆ ಹೇಳು. ಗುಡಿಸೋದಾದ್ರೂ ಸರಿ."

ಹದಿನೆಂಟನೆಯ ವಯಸ್ಸಿನಿಂದ ನೀರಿನ ಮೇಲಿರುವವನು. ದಡದಲ್ಲಿ ಹತ್ತು ದಿನ ಕಳೆದರೆ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾನೆ. ಇವನ ಕೈಗೆ ಪೊರಕೆ ಕೊಟ್ಟರೆ ಲೆಂಪಿಗೆ ಗಂಡ ಸಿಗುತ್ತಾನೆ, ಆದರೆ ಅವಳು ಮೆಚ್ಚಿದ ವೈನೊ ಅಲ್ಲ. ಅವಳೇ ಕೆಲಸ ಬಿಟ್ಟರೆ ಹದಿನಾರು ವರ್ಷದ ಹಾರಾಟ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಯಾವ ಕಡೆಯಿಂದ ನೋಡಿದರೂ ಒಬ್ಬರು ಮುಳುಗಲೇಬೇಕು. ಇದಕ್ಕೆ ನನ್ನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಯಾವ ಮದ್ದೂ ಇರಲಿಲ್ಲ. "ಲೆಂಪಿ ಬರ್ಲಿ" ಎಂದಷ್ಟೇ ಹೇಳಿದೆ.

ಎರಡು ದಿನ ಬಿಟ್ಟು ಬಂದಳು, ಮೂರು ವಿಮಾನ ಬದಲಿಸಿ. ಹ್ಯಾಂಗರಿನ ಬಾಗಿಲಲ್ಲೇ ನಿಂತು ಗಂಡನನ್ನು ನೋಡಿದಳು. ಅವನು ಆಗಲೇ ಪೊರಕೆ ಹಿಡಿದಿದ್ದ.

"ಅದನ್ನ ಕೆಳಗಿಡು" ಎಂದಳು. "ನಿನಗೆ ಗುಡಿಸೋಕೂ ಬರಲ್ಲ. ಮೂಲೆ ಬಿಟ್ಟಿದೀಯ."

"ಲೆಂಪಿ, ನೀನು ಕ್ಲೀವ್‌ಲ್ಯಾಂಡ್ ತಗೊಂಡಿದ್ದು ನನ್ನಿಂದ. ಈಗ..."

"ಅರ್ಧ ನಿನ್ನಿಂದ. ಪೂರ್ತಿ ನಿನ್ನಿಂದ ಅಂತ ಬೀಗ್ಬೇಡ." ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲೆ ಹರಡಿದಳು, ಅವತ್ತು ಪತ್ರ ಹರಡಿದ ಜಾಗದಲ್ಲೇ. ಕ್ಲೀವ್‌ಲ್ಯಾಂಡ್ ನೆಲೆಯ ಸಾಲಿನ ಪಟ್ಟಿ. ಅವಳ ಹೆಸರಿನ ಕೆಳಗೆ ಒಂದು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಹೆಸರೋ ಹೆಸರು.

"ಯಾರಿವ್ರೆಲ್ಲ?" ಎಂದೆ.

"ನನ್ನ ಹಿಂದಿರೋರು. ಐವತ್ತೆಂಟು ಜನ. ಕ್ಲೀವ್‌ಲ್ಯಾಂಡ್ ಯಾರಿಗೂ ಬೇಡ ಕಣೋ. ಮುಂದಿದ್ದೋರು ಡೆಟ್ರಾಯಿಟ್‌ಗೆ ಓಡ್ತಾರೆ, ದೊಡ್ಡ ಕಂಪನಿಗೆ ಓಡ್ತಾರೆ. ಹೊಸಬ್ರು ಹಿಂದೆ ಬಂದು ಬೀಳ್ತಾರೆ. ಏಳು ತಿಂಗಳಿಗೇ ನನ್ನ ಕಾಯೋ ಪಾಳಿ ಮುಗೀತು. ನನ್ನ ಜೊತೆ ಡೆಟ್ರಾಯಿಟ್ ತಗೊಂಡ ಆ ಮೂರು ಮಕ್ಕಳಿದಾರಲ್ಲ, ಪಾಪ, ಇನ್ನೂ ಫೋನ್ ತಬ್ಕೊಂಡು ಕೂತಿವೆ."

ರೂಡಿ ಅಷ್ಟು ಹೊತ್ತಿಗೆ ಬಂದು ನನ್ನ ಭುಜದ ಮೇಲಿಂದ ಇಣುಕುತ್ತಿದ್ದ. "ಅಂದ್ರೆ ನೀನು ಈಗ ಯಾವ ಊರಲ್ಲಿ ತಂಗೋದು ಅಂತ ಆರಿಸ್ಕೋಬೋದು!" ಎಂದ. ಮೂವತ್ತು ವರ್ಷದ ಅನುಭವ ಕೊನೆಗೂ ಒಂದು ಮೀನು ಹಿಡಿಯಿತು.

"ಆರ್ಸಿದೀನಿ. ಸೌತ್ ಬೆಂಡ್. ಸಂಜೆ ಇಳಿದ್ರೆ ಮಾರನೇ ದಿನ ರಾತ್ರಿವರೆಗೂ ಬಿಡುವು. ಅಲ್ಲಿಂದ ಇಂಡಿಯಾನಾದ ಆ ಕಟ್ಟೆಗೆ ಒಂದು ಗಂಟೆ ದಾರಿ. ಆ ಪಾಳಿ ಯಾರೂ ಕೇಳಲ್ಲ, ಸೌತ್ ಬೆಂಡಲ್ಲಿ ಏನಿದೆ ಅಂತಾರೆ." ಗಂಡನ ಕಡೆ ತಿರುಗಿದಳು. "ನಿನ್ನ ಹಡಗು ನಾಳೆ ಇನ್ನೆಲ್ಲಿಗಾದ್ರೂ ಹೋಗ್ಲಿ. ಅದರ ಹತ್ರದ ಊರಿನ ಪಾಳಿ ಹಿಡೀತೀನಿ. ಯಾರಿಗೂ ಬೇಡದ ಊರಾಗಿದ್ರೆ ಸಾಕು, ನಮ್ಮದು."

ವೈನೊ ಪೊರಕೆಯನ್ನು ಗೋಡೆಗೆ ಒರಗಿಸಿದ. ಅವಳ ಹತ್ತಿರ ಹೋಗಿ ಟೋಪಿ ತೆಗೆದು ತಾನು ಹಾಕಿಕೊಂಡ. ನಾನೂ ರೂಡಿಯೂ ಎಂಜಿನ್ನಿನೊಳಗೆ ತಲೆ ತೂರಿಸಿ ಇಲ್ಲದ ತೊಂದರೆ ಹುಡುಕಿದೆವು.

ಜನವರಿ ಮಧ್ಯಕ್ಕೆ ಹಡಗುಗಳೆಲ್ಲ ಮಂಜುಗಡ್ಡೆಗೆ ಹೆದರಿ ಕಟ್ಟೆ ಸೇರಿದವು. ಲೆಂಪಿ ಜನವರಿ ಕೊನೆಯಲ್ಲಿ ರಜೆ ಕೇಳಿದಳು, ಸಿಕ್ಕಿತು. ಆ ಚಳಿಯಲ್ಲಿ ರಜೆ ಕೇಳುವವರು ಕಂಪನಿಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಶನಿವಾರ ಅವರ ಮನೆಯಲ್ಲಿ ಸೌನಾ ಕಾಯಿಸಿ ನನ್ನನ್ನೂ ಎಲ್ಮಾಳನ್ನೂ ಕರೆದರು. ಬಿಸಿ ಆವಿಯಲ್ಲಿ ಬೆಂದು, ಹಿಮದಲ್ಲಿ ಹೊರಳಿ, ಕೆಂಪಗಾಗಿ ಬಂದು ಅಡುಗೆಮನೆಯಲ್ಲಿ ನಾಲ್ವರೂ ಕೂತೆವು. ಏಲಕ್ಕಿ ಹಾಕಿದ ನಿಸು ಬ್ರೆಡ್ಡು, ಕಾಫಿ. ಗೋಡೆಯಿಂದ ಹಳೆಯ ವರ್ಷದ ಕ್ಯಾಲೆಂಡರನ್ನು ಲೆಂಪಿ ಇಳಿಸಿದಳು. ಕೆಂಪು ಸುತ್ತು ಸಿಡುಬಿನ ಹಾಗೆ ತುಂಬಿತ್ತು.

"ನೂರ ನಲವತ್ತೊಂದು" ಎಂದಳು. "ಇಪ್ಪತ್ಮೂರು ವರ್ಷದಲ್ಲಿ ಇಷ್ಟು ಯಾವತ್ತೂ ಆಗಿಲ್ಲ."

ನನಗೆ ಕೆಣಕದಿದ್ದರೆ ಕಾಫಿ ಇಳಿಯುವುದಿಲ್ಲ. "ಅದ್ರಲ್ಲಿ ಈ ಮನೇಲಿದ್ದಿದ್ದು ಎಷ್ಟು?"

"ಮೂವತ್ತೊಂಬತ್ತು. ಉಳಿದಿದ್ದೆಲ್ಲ ಕಟ್ಟೇಲಿ, ಕ್ಲೀವ್‌ಲ್ಯಾಂಡ್ ಕೋಣೇಲಿ."

"ನೋಡಿದ್ಯಾ? ಮನೆಗೆ ಬೀಗ, ಸಂಸಾರ ಧೂಳಲ್ಲಿ! ನಾವು ನೋಡು, ನಾನೂ ಎಲ್ಮಾನೂ, ನಲವತ್ತೊಂದು ವರ್ಷ, ಒಂದೇ ಸೂರು. ಓಹಾಯೋಗೆ ಹೋಗಿದ್ದು ಬಿಟ್ರೆ ಒಂದು ದಿನ ಊರು ಬಿಟ್ಟಿಲ್ಲ."

ಎಲ್ಮಾ ಕಾಫಿಗೆ ಸಕ್ಕರೆ ಕಲಕುತ್ತಿದ್ದವಳು ಚಮಚ ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. "ಹೌದಲ್ಲ ಉರ್ಹೊ, ನಮ್ದು ಎಷ್ಟಾಗತ್ತೆ? ಹೋದ ವರ್ಷ ನನ್ನ ಜೊತೆ ಕೂತು ಬಿಸಿ ಊಟ ಮಾಡಿದ್ದು ಎಷ್ಟು ದಿನ? ಆ ಸೀಸದ ಕಡ್ಡಿ ಸ್ವಲ್ಪ ಕೊಡೇ ಲೆಂಪಿ."

ವೈನೊ ಇನ್ನೊಂದು ತುಂಡು ಬ್ರೆಡ್ಡು ಕೊಯ್ಯತೊಡಗಿದ. ನಾನು ಮನಸ್ಸಿನಲ್ಲೇ ಎಣಿಸಿದೆ. ಕ್ರಿಸ್‌ಮಸ್, ಈಸ್ಟರ್, ನನಗೆ ಜ್ವರ ಬಂದಿದ್ದ ವಾರ. ಹ್ಯಾಂಗರಿನಿಂದ ಮನೆಗೆ ಎರಡು ಮೈಲಿ. ಲೆಂಪಿ ಸೀಸದ ಕಡ್ಡಿ ಕೊಡಲಿಲ್ಲ, ಮೇಜಿನ ಕೆಳಗೆ ಇಟ್ಟುಕೊಂಡಳು. ನನ್ನ ಮೇಲೆ ಅವಳು ತೋರಿಸಿದ ದಯೆ ಅಷ್ಟೇ, ಅದು ನನಗೆ ಹೆಚ್ಚು ಚುಚ್ಚಿತು.

ಸೋಮವಾರ ಒಂದು ಎಂಜಿನ್ ಅರ್ಧ ಬಿಚ್ಚಿಟ್ಟಿದ್ದೆ. ಐದು ಗಂಟೆಗೆ ಕೈ ತೊಳೆದು, ಅದರ ಮೇಲೆ ಬಟ್ಟೆ ಮುಚ್ಚಿ, ಬೀಗ ಹಾಕಿ ಹೊರಟೆ. ರಸ್ತೆಯ ಹಿಮ ಹೊಸಬ ಯಾರೋ ತೆಗೆದಿದ್ದ, ಗೆರೆ ಸೊಟ್ಟ. ಮನೆಯ ಬಾಗಿಲು ತಳ್ಳಿದಾಗ ಗಂಟೆ ಐದೂವರೆ ಇರಬೇಕು. ಎಲ್ಮಾ ನನಗೆ ಬೆನ್ನು ಹಾಕಿ, ಫೋನನ್ನು ಕಿವಿಗೆ ಹಿಡಿದು ನಿಂತಿದ್ದಳು. ತಿರುಗಿ ನನ್ನನ್ನು ನೋಡಿದಳು, ಫೋನ್ ಕಿವಿಯಲ್ಲೇ ಇತ್ತು.

"ಹ್ಯಾಂಗರಲ್ಲಿ ಯಾರೂ ಎತ್ತುತ್ತಿಲ್ಲ" ಎಂದಳು.